ಅಕ್ಕಯ್ಯನವರು ಮದ್ದಿನ ಪಾಲಯ್ಯನ ಬಾಯಿ ಬಿಡಿಸಿದ್ದು

ಪರಮಪೂಜ್ಯ ಶ್ರೀ ಶಿವನಕ್ಕ ತಾಯಿಯವರನ್ನು ಸುತ್ತಲ ಹಟ್ಟಿಗಳ ಜನ ಅಕ್ಕಯ್ಯನವರು ಎಂದೇ ಕರೆಯುತ್ತಿದ್ದರು. ಗಿಡುಗನಗುಡ್ಡದ ಬುಡದಲ್ಲಿ ದನಕರುಗಳು ನೀರು ಕುಡಿಯುವ ಒಂದು ಗೋಕಟ್ಟೆ. ಅದರ ಏರಿಯ ಮೇಲೊಂದು ತುಗ್ಗಲಿ ಮರ, ಮರದ ಕೆಳಗೆ ಹುಲ್ಲು ಹೊದಿಸಿದ ಗುಡಿಸಲು. ತಾಯಿಯವರ ಮಠವೂ ಅದೇ, ಸಿಂಹಾಸನವೂ ಅದೇ. ಒಳಗೆ ಹಣಕಿದರೆ ಒಂದು ಕರಿಕಂಬಳಿ, ಒಂದು ಮಡಕೆ, ಮಣ್ಣು ಹೊರುವ ಒಂದು ಮಂಕರಿ. ದರ್ಶನಕ್ಕೆಂದು ಬಂದವರಿಗೆ ತಾಯಿಯವರು ಕುಳಿತು ದರ್ಶನ ಕೊಟ್ಟದ್ದೇ ಅಪರೂಪ. ಮೊಲ, ಕೌಜುಗದಂಥ ಸಣ್ಣ ಜೀವಗಳು ಜಾರಿ ಬೀಳದೆ ಇಳಿದು ನೀರು ಕುಡಿಯಲೆಂದು ಅವರು ಕಟ್ಟೆಯ ಅಂಚಿಗೆ ದಿನವೂ ಚಪ್ಪಟೆ ಕಲ್ಲು ಜೋಡಿಸುತ್ತಿದ್ದರು. ಅಡ್ಡಬಿದ್ದು ಎದ್ದವರ ಕೈಗೂ ಒಂದು ಕಲ್ಲು ಕೊಟ್ಟು "ಅಲ್ಲಿಡಪ್ಪ" ಎನ್ನುತ್ತಿದ್ದರು. ವೇದಾಂತ ಕೇಳಲು ಬಂದ ದೊಡ್ಡ ದೊಡ್ಡ ಪೇಟದವರೂ ಕಲ್ಲು ಹೊತ್ತು ಹೋಗಿದ್ದಾರೆ.

ಇಂಥ ತಾಯಿಯವರ ಬಳಿಗೆ ಸಂಕ್ರಾಂತಿಯ ದಿನ ಹೊತ್ತು ಮಾರುದ್ದ ಏರುವ ವೇಳೆಗೆ ಮದ್ದಿನ ಪಾಲಯ್ಯ ಗುಡ್ಡದಿಂದ ಓಡಿ ಬಂದ. ಕಾಲಲ್ಲಿ ಮೆಟ್ಟಿಲ್ಲ, ತಲೆಯ ಮೇಲೆ ವಸ್ತ್ರವಿಲ್ಲ. ಮುಳ್ಳು ಗೀರಿ ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದರೂ ಅವನಿಗೆ ಅದರ ಖಬರಿಲ್ಲ.

ಈ ಪಾಲಯ್ಯ ಯಾರೆಂದು ಹೇಳಬೇಕು. ಬೇಡರ ಹಟ್ಟಿಯವನು, ಬೇಟೆಯ ವಂಶ, ಆದರೆ ಅವನ ಮನೆತನಕ್ಕೆ ಬಿಲ್ಲು ಬಲೆಗಿಂತ ಬೇರುನಾರಿನ ಹೆಸರೇ ದೊಡ್ಡದು. ಬಾಣಂತಿಯರಿಗೆ ಜ್ವರ ನೆತ್ತಿಗೇರಿ ಸನ್ನಿಯಾದರೆ ಸುತ್ತಲ ಹಟ್ಟಿಗಳಿಗೆಲ್ಲ ಇವನೇ ದಿಕ್ಕು. ಆಸ್ಪತ್ರೆ ಎಂಬುದು ಆಗ ಎತ್ತಿನ ಗಾಡಿ ಕಟ್ಟಿ ಹೋಗಬೇಕಾದ ದೂರದ ಊರಿನ ಮಾತು. ಪಾಲಯ್ಯ ಕೊಡುತ್ತಿದ್ದ ಬೇರು ಯಾವ ಗಿಡದ್ದು, ಎಲ್ಲಿಯದು ಎಂದು ಕಟ್ಟಿಕೊಂಡ ಹೆಂಡತಿ ಬೋರಮ್ಮನಿಗೂ ಗೊತ್ತಿರಲಿಲ್ಲ. ಬೇರಿನ ಗುಟ್ಟು ಬಾಯಿಗೆ ಬಂದರೆ ಬೇರಿನ ಸತ್ವ ಗಾಳಿಗೆ ಹೋಗುತ್ತದೆ, ಆಮೇಲೆ ಅದನ್ನು ಅರೆದು ಕುಡಿಸುವುದೂ ಒಂದೇ, ಬೂದಿ ಕಲಸಿ ಕುಡಿಸುವುದೂ ಒಂದೇ ಎಂದು ಅವನಪ್ಪ ಹೇಳಿ ಸತ್ತಿದ್ದ. ಇನ್ನೊಂದು ಆಣೆಯನ್ನೂ ಹಾಕಿಸಿಕೊಂಡಿದ್ದ. ಅಡ್ಡಬೇರು ಎಷ್ಟು ಬೇಕಾದರೂ ತೆಗಿ, ನಡುವಿನ ತಾಯಿಬೇರು ಮುಟ್ಟಬೇಡ, ಅದು ಗಿಡದ ಜೀವ ಎಂದು.

ಎರಡೂ ಮಾತನ್ನು ಪಾಲಯ್ಯ ತಲೆಯ ಮೇಲೆ ಹೊತ್ತುಕೊಂಡು ನಡೆದ. ಗುಟ್ಟಿನ ಮಾತನ್ನಂತೂ ಅಪ್ಪನಿಗಿಂತ ಒಂದು ಕೈ ಹೆಚ್ಚಾಗಿಯೇ ನಡೆಸಿದ. ತನ್ನ ಗುಪ್ತ ಜಾಗ ಬಿಟ್ಟು ಗುಡ್ಡದ ಬೇರೆ ಎಲ್ಲಿ ಆ ಗಿಡದ ಸಸಿ ಕಂಡರೂ ಕಿತ್ತು ಬಿಸಾಕುತ್ತಿದ್ದ. ಕುರಿಯವರ ಕಣ್ಣಿಗೆ ಬಿದ್ದೀತು, ಸೌದೆಗೆ ಬಂದ ಹೆಂಗಸರು ಗುರುತು ಹಿಡಿದಾರು ಎಂಬ ದಿಗಿಲು. ಕೆಟ್ಟವನಲ್ಲ ಪಾಪ, ಮದ್ದನ್ನು ಕಾಯುತ್ತಿದ್ದೇನೆ ಎಂದೇ ತಿಳಿದಿದ್ದ. ಆದರೆ ಅಂಗಳ ಗುಡಿಸಿದ ಹಾಗೆ ಗುಡ್ಡ ಗುಡಿಸಿಬಿಟ್ಟರೆ ಉಳಿಯುವುದೇನು? ಒಂದು ಕೊರಕಲಿನಲ್ಲಿ ನಾಲ್ಕಾರು ಗಿಡ ಉಳಿದವು. ಬರಬರುತ್ತ ಅವುಗಳಲ್ಲೂ ಕೆಲವು ಬೆಂಕಿಗೆ ಹೋದವು, ಕೆಲವನ್ನು ಹಂದಿ ಕೆದರಿ ಹಾಕಿದವು.

ಈಗ ಅವನ ಒಬ್ಬಳೇ ಮಗಳು ಮಾರಕ್ಕ ತವರಿಗೆ ಹೆರಿಗೆಗೆ ಬಂದಿದ್ದಳು. ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ಎಲ್ಲರೂ ಉಸ್ಸೆಂದು ಕೂತಿರುವಾಗ ಜ್ವರ ಹಿಡಿಯಿತು. ಸಂಕ್ರಾಂತಿಯ ಬೆಳಗ್ಗೆ ಮಾರಕ್ಕ ಹೆತ್ತ ಕೂಸನ್ನೇ ನೋಡಿ "ಇದ್ಯಾರ ಮನೇದು, ತಗಂಡೋಗಿ ಕೊಡ್ರಿ" ಎಂದಳು. ಬೋರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು "ಹೆದರಬ್ಯಾಡ್ರಿ, ನಾನಿದ್ದೀನಿ" ಎಂದಿದ್ದ ಪಾಲಯ್ಯನಿಗೆ ತನ್ನ ಮನೆಯಲ್ಲಿ ಆ ಮಾತು ಬಾಯಿಗೆ ಬರಲಿಲ್ಲ.

ಗುಡ್ಡ ಹತ್ತಿ ಕೊರಕಲಿಗೆ ಹೋಗಿ ನೋಡುತ್ತಾನೆ, ಗಿಡ ಒಂದೇ ಇದೆ. ಸುತ್ತ ಬೆರಳಾಡಿಸಿ ಮಣ್ಣು ಬಿಡಿಸಿದ. ದೀಪಾವಳಿಯ ಹೊತ್ತಿಗೆ ಬೇರೆ ಹಟ್ಟಿಯ ಬಾಣಂತಿಗೆಂದು ಅಡ್ಡಬೇರೆಲ್ಲ ತೆಗೆದಿದ್ದು ಇನ್ನೂ ಚಿಗುರಿರಲಿಲ್ಲ. ಉಳಿದದ್ದು ತಾಯಿಬೇರು, ಅದೂ ಕಿರುಬೆರಳ ಗಾತ್ರ. ಈ ಜ್ವರಕ್ಕೆ ಮೂರು ದಿನ ಎರಡು ಹೊತ್ತೂ ಮದ್ದು ಬೀಳಬೇಕು. ಅದನ್ನು ಕಿತ್ತರೆ ಒಂದು ಹೊತ್ತಿಗಾದೀತು. ಎದ್ದು ಬೇರೆ ಕಡೆ ಓಡಿದ. ಹುಡುಗನಾಗಿದ್ದಾಗ ಎಲ್ಲೆಲ್ಲಿ ಆ ಗಿಡ ದಂಡಿಯಾಗಿತ್ತೋ ಅಲ್ಲೆಲ್ಲ ಸುತ್ತಿದ. ಪ್ರತಿಯೊಂದು ಜಾಗಕ್ಕೆ ಹೋದಾಗಲೂ ಅಲ್ಲಿ ತನ್ನ ಕೈಯಾರೆ ಕಿತ್ತದ್ದು ನೆನಪಾಗುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಅವನು ಮಾಡಿದ್ದನ್ನು ಮಗಳು ಉಣ್ಣುವ ಹಾಗಾಯಿತು.

ಕೊನೆಗೆ ಕೊರಕಲಿಗೇ ಮರಳಿ, ಉಳಿದ ಆ ಗಿಡದ ಒಂದು ಎಲೆಯ ಕುಡಿ ಚಿವುಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ದಾರಿಯೇ ನೋಡದೆ ಇಳಿದು ತಾಯಿಯವರ ಪಾದದ ಬಳಿ ಬಿದ್ದ.

"ತಾಯೇ, ಅಪ್ಪನ ಆಣೆ ಮುರೀತೀನಿ. ತಾಯಿಬೇರು ಕೀಳ್ತೀನಿ, ಅಪ್ಪಣೆ ಕೊಡ್ರಿ. ಮಗಳು ಸಾಯ್ತಾ ಅವ್ಳೆ."

ಅಕ್ಕಯ್ಯನವರು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟರು. "ಕಿತ್ರೆ ಉಳೀತಾಳೇನಪ್ಪ?"

"ಒಂದ್ ಹೊತ್ತಿಗಾಗ್ತದೆ. ಮೂರ್ ದಿನಕ್ ಬೇಕು."

"ಮಿಕ್ಕಿದ್ದು ಎಲ್ಲೈತೆ?"

ಪಾಲಯ್ಯ ತಲೆಯೆತ್ತಲಿಲ್ಲ. ಹೇಳುವುದೋ ಬೇಡವೋ ಎಂದು ಒದ್ದಾಡಿ, ಸಸಿ ಕಿತ್ತದ್ದನ್ನೆಲ್ಲ ಮಣ್ಣು ನೋಡುತ್ತಲೇ ಒದರಿದ. ತಾಯಿಯವರು ಬೈಯಲಿಲ್ಲ. ಏರಿಯ ಆಚೆ ನೋಡಿ, "ಆ ಎಲೇನ ಅವರ್ಗೆಲ್ಲ ತೋರ್ಸು" ಎಂದರು.

ಅಂದು ಮೊಲದ ಬೇಟೆಯ ದಿನ. ಸಂಕ್ರಾಂತಿಗೆ ಹಟ್ಟಿಯ ಗಂಡಸರೆಲ್ಲ ಬಲೆ ಹೊತ್ತು, ನಾಯಿ ಹಿಡಿದು ಗೋಕಟ್ಟೆಯ ಏರಿಗೆ ಬಂದು ಸೇರುವುದು ರೂಢಿ. ಬಲೆಗಳನ್ನು ಒಟ್ಟಿಗೆ ಪೇರಿಸಿ, ಅದರ ಮೇಲೆ ಕೈಯಿಟ್ಟು, ಬಸುರಿ ಮಿಗ, ಹಾಲೂಡಿಸುವ ಮಿಗ ಸಿಕ್ಕರೆ ಬಿಡುತ್ತೇವೆ ಎಂದು ಆಣೆಯಿಟ್ಟ ಮೇಲೆಯೇ ಗುಡ್ಡಕ್ಕೆ ಕಾಲಿಡುತ್ತಿದ್ದರು. ಆಗಲೇ ಎಲ್ಲರೂ ಬಂದು ಕೂತಿದ್ದರು. ಅವರ ನಡುವೆ ಬೇಟೆಯ ಯಜಮಾನ ಗಾದ್ರಪ್ಪ.

ಗಾದ್ರಪ್ಪನನ್ನು ಕಂಡದ್ದೇ ಪಾಲಯ್ಯ ಕುಡಿಯನ್ನು ಸೊಂಟದೊಳಕ್ಕೆ ಇನ್ನಷ್ಟು ತುರುಕಿಕೊಂಡ. ವರಸೆಯಲ್ಲಿ ಬಾಮೈದನಾದರೂ ಇಬ್ಬರಿಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಹಿಂದೆ ಒಮ್ಮೆ ಬೇರಿನ ಗುಟ್ಟು ತಿಳಿಯಲೆಂದು ಗಾದ್ರಪ್ಪ ಅವನ ಹಿಂದೆಯೇ ಗುಡ್ಡ ಹತ್ತಿದ್ದ. ಅದನ್ನು ಕಂಡುಕೊಂಡ ಪಾಲಯ್ಯ ಬೇಕೆಂದೇ ಹೊತ್ತು ಮುಳುಗುವ ತನಕ ಕಲ್ಲುಮುಳ್ಳಿನಲ್ಲಿ ಅಲೆಸಿ ಬರಿಗೈಯಲ್ಲಿ ಕಳಿಸಿದ್ದ. ಬೇಟೆಯ ಯಜಮಾನನನ್ನೇ ಗುಡ್ಡದಲ್ಲಿ ದಾರಿ ತಪ್ಪಿಸಿದನೆಂದು ಹಟ್ಟಿಯೆಲ್ಲ ನಕ್ಕಿತ್ತು.

"ಇವರ ಮುಂದೆ ತೋರ್ಸಿದ್ರೆ ಬೇರಿನ ಸತ್ವ ಹೋಗ್ತದೆ ತಾಯೇ" ಎಂದ ಪಾಲಯ್ಯ. "ಮದ್ದು ಸಿಕ್ಕೂ ಸಿಗದಂಗಾದ್ರೆ ಮಗಳ್ನ ನಾನೇ ಕೊಂದಂಗಾಗ್ತದೆ."

ತೋರಿಸದಿದ್ದರೆ ಮದ್ದಿಲ್ಲ, ತೋರಿಸಿದರೆ ಮದ್ದು ಮದ್ದಲ್ಲ. ಅಡಕತ್ತರಿಗೆ ಸಿಕ್ಕ ಹಾಗಾಗಿತ್ತು ಅವನ ಸ್ಥಿತಿ. ಅಕ್ಕಯ್ಯನವರು ಅವನ ನೆತ್ತಿಯ ಮೇಲೆ ಮಣ್ಣಿನ ಕೈಯಿಟ್ಟು ಹೇಳಿದರು: "ಸತ್ವ ಹೋದ್ರೆ ಆ ಪಾಪ ನಂದು. ಏಳು."

ಪಾಲಯ್ಯ ಎದ್ದ. ಕುಡಿಯನ್ನು ಕೈಯಲ್ಲಿ ಹಿಡಿದು, "ಇದು ತಣಿಬೇರಿನ ಗಿಡ. ಬಾಣಂತಿ ಸನ್ನಿಗೆ ನಾನು ಕೊಡೋದು ಇದೇ. ಯಾರಾದ್ರೂ ಎಲ್ಲಾದ್ರೂ ಕಂಡಿದ್ರೆ ಹೇಳ್ರಪ್ಪ, ನಮ್ಮ ಮಾರಕ್ಕ ಉಳಿಯೋದಿಲ್ಲ" ಎಂದ. ಅಪ್ಪನ ಮಾತು ಮುರಿದದ್ದಾಯಿತು, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಎಲೆ ಕೈಯಿಂದ ಕೈಗೆ ಹೋಯಿತು. ಮೇಲೆ ಹಸಿರು, ಕೆಳಗೆ ಬೂದಿ ಬಣ್ಣ, ನರ ಮಾತ್ರ ನೇರಳೆ. ಒಬ್ಬ ಮೂಸಿ ನೋಡಿ ಮುಂದಕ್ಕೆ ಕೊಟ್ಟ. ಇನ್ನೊಬ್ಬ "ಕಂಡಂಗಿಲ್ಲ ಮಾವ" ಎಂದ. ಹಿರಿಯನೊಬ್ಬ "ನಾನು ಸಣ್ಣೋನಿದ್ದಾಗ ನೋಡಿದ್ದೆ, ಈಗೆಲ್ಲೈತೆ" ಎಂದು ನಿಟ್ಟುಸಿರಿಟ್ಟ. ಒಂದೊಂದು ಕೈ ದಾಟಿದಾಗಲೂ ಪಾಲಯ್ಯನಿಗೆ ಮಗಳ ಉಸಿರು ಅಷ್ಟಷ್ಟು ದೂರ ಹೋದಂತೆ ಅನ್ನಿಸುತ್ತಿತ್ತು. ಎಲೆ ಗಾದ್ರಪ್ಪನ ಕೈಗೆ ಬಂತು. ಅವನು ತಿರುಗಿಸಿ ನೋಡಿದ, ನರ ಸವರಿದ, ಆದರೆ ಮುಂದಕ್ಕೆ ಕೊಡಲಿಲ್ಲ. ಪೇರಿಸಿದ ಬಲೆಗಳ ಕಡೆಗೊಮ್ಮೆ, ಕೂತ ಜನರ ಕಡೆಗೊಮ್ಮೆ ಕಣ್ಣು ಹಾಯಿಸಿ ಎಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅವನಿಗೆ ಗೊತ್ತಿದೆ ಎಂದು ಪಾಲಯ್ಯನಿಗೆ ಹೊಳೆಯಿತು. ಹಳೆಯ ಹಗೆ ತೀರಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಕಾಲು ಹಿಡಿಯಲು ಬಾಗಿದ.

"ಗಾದ್ರಪ್ಪ" ಎಂದರು ತಾಯಿಯವರು. "ನಿನ್ ಬಾಯಿಗೂ ಬೀಗ ಐತೇನಪ್ಪ?"

ಗಾದ್ರಪ್ಪ ಮುಷ್ಟಿ ಬಿಚ್ಚಿದ. "ಹಗೆ ಅಲ್ಲ ತಾಯೇ. ನಮ್ ಮನೆತನದ ಆಣೆ. ಗುಡ್ಡದ ಬೆನ್ನಿಗೆ ಪೀಡೆ ಕೊರಕಲು ಐತಲ್ಲ, ಅಲ್ಲಿ ಈ ಗಿಡ ರಾಶಿ ಬಿದ್ದೈತೆ."

ಪೀಡೆ ಕೊರಕಲು ಎಂದಾಕ್ಷಣ ಜನ ಗುಜುಗುಜು ಎಂದರು. ಅಲ್ಲಿ ಬ್ರಹ್ಮರಾಕ್ಷಸನಿದ್ದಾನೆ, ಕಾಲಿಟ್ಟವರು ರಕ್ತ ಕಾರುತ್ತಾರೆ ಎಂದು ಮೂರು ತಲೆಮಾರಿನಿಂದ ಪ್ರತೀತಿ. ಕುರಿಯವರು ಹೋಗರು, ಸೌದೆಯವರು ಹೋಗರು, ಗುಡ್ಡವನ್ನೆಲ್ಲ ಜಾಲಾಡಿದ ಪಾಲಯ್ಯನೂ ಆ ದಿಕ್ಕಿಗೆ ತಲೆ ಹಾಕಿ ಮಲಗಿದವನಲ್ಲ.

"ಪೀಡೆಯೂ ಇಲ್ಲ, ಗೀಡೆಯೂ ಇಲ್ಲ" ಎಂದ ಗಾದ್ರಪ್ಪ, ನೆಲ ನೋಡುತ್ತ. "ನಮ್ಮಜ್ಜ ಹಬ್ಬಿಸಿದ ಸುದ್ದಿ. ಕೊಂಡುಕುರಿಗಳು ಈಯೋಕೆ ಅಲ್ಲಿಗೇ ಬರ್ತಾವೆ. ನಾಕು ಕೊಂಬಿನ ಸಣ್ಣ ಮಿಗ, ಒಂದಕ್ಕೆ ಬಲೆ ಬಿದ್ರೆ ವಂಶವೇ ಹೋಗ್ತದೆ. ಜನಕ್ಕೆ ಗೊತ್ತಾದ್ರೆ ಬಿಡ್ತಾರಾ ಅಂತ ಅಜ್ಜ ದೆವ್ವ ಕೂರಿಸಿದ. ಪ್ರತಿ ವರ್ಷ ಮೊದಲ್ನೇ ಬಲೆ ನಾವು ಅಡ್ಡ ಕಟ್ಟೋದೂ ಅದಕ್ಕೇ, ಬೇಟೆ ಆ ಕಡೆ ತಿರುಗಬಾರ್ದು ಅಂತ. ಈಗ ಇಷ್ಟು ಜನದ ಮುಂದೆ ಆಡಿದ್ದೀನಿ. ಬರೋ ಸಂಕ್ರಾಂತಿಗೆ ಅಲ್ಲಿ ಏನುಳೀತದೆ ಹೇಳ್ರಿ ತಾಯೇ."

ನೋಡಿ ಶಿವನ ಲೀಲೆ. ಒಬ್ಬ ಗಿಡದ ಗುಟ್ಟು ಹಿಡಿದು ಗಿಡವನ್ನೇ ಕಳೆದುಕೊಂಡಿದ್ದ. ಇನ್ನೊಬ್ಬ ಮಿಗದ ಗುಟ್ಟು ಹಿಡಿದು ತನಗರಿವಿಲ್ಲದೆಯೇ ಗಿಡವನ್ನೂ ಉಳಿಸಿದ್ದ, ಆದರೆ ಅದು ಮದ್ದೆಂದು ಅವನಿಗೆ ತಿಳಿಯದು. ಇಬ್ಬರೂ ಒಂದೇ ಹಟ್ಟಿಯಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಕ್ಕಯ್ಯನವರು ಬಲೆಗಳ ರಾಶಿಯ ಬಳಿ ಹೋಗಿ, ಮೊದಲು ತಮ್ಮ ಕೈಯನ್ನು ಅದರ ಮೇಲಿಟ್ಟರು. "ಒಬ್ಬ ಕಾಯ್ದದ್ದು ಅವನ ಸಂಗಡಲೇ ಹೋಗ್ತದೆ. ಎಲ್ರೂ ಕಾಯ್ರಪ್ಪ" ಎಂದರು. ಆ ಕೊರಕಲಿಗೆ ಬಲೆ ಒಯ್ಯುವುದಿಲ್ಲವೆಂದು ಜನ ಒಬ್ಬೊಬ್ಬರಾಗಿ ಎದ್ದು ಬಂದು ಕೈಯಿಡತೊಡಗಿದರು. ಎಲ್ಲರೂ ಇಡುವವರೆಗೆ ಕಾಯುವ ತಾಳ್ಮೆ ಗಾದ್ರಪ್ಪನಿಗೂ ಉಳಿಯಲಿಲ್ಲ. ಪಾಲಯ್ಯನ ರಟ್ಟೆ ಹಿಡಿದು, "ನಡಿ ಭಾವ" ಎಂದ. ಆ ಮಾತು ಅವನ ಬಾಯಿಂದ ಕೇಳಿ ಎಷ್ಟೋ ವರ್ಷವಾಗಿತ್ತು.

ಗುಡ್ಡದ ಬೆನ್ನು ಹತ್ತಿ ಕೊರಕಲಿನ ಬಾಯಿಗೆ ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಒಳಗೆ ಬಂಡೆಯ ನೆರಳಿನುದ್ದಕ್ಕೂ ತಣಿಬೇರಿನ ಗಿಡ. ಪಾಲಯ್ಯನಿಗೆ ಅಳು ಬಂತು. ಬೇಟೆಯವರಲ್ಲಿ ಕೇಳಿ ತಂದಿದ್ದ ಗುದ್ದಲಿ ಎತ್ತಿ ನುಗ್ಗಬೇಕೆನ್ನುವಷ್ಟರಲ್ಲಿ ಗಾದ್ರಪ್ಪ ಅವನ ಹೆಗಲು ಒತ್ತಿ ನೆಲಕ್ಕೆ ಕೂರಿಸಿದ. ಗಿಡಗಳ ನಡುವೆ ಒಂದು ಕೊಂಡುಕುರಿ ನಿಂತಿತ್ತು. ಅದರ ಕಾಲ ಬಳಿ ಹುಲ್ಲಿನಲ್ಲಿ ಮರಿ, ಹುಟ್ಟಿ ಇನ್ನೂ ಮೈ ಆರಿರಲಿಲ್ಲ.

"ಈಗ ಬೆದರಿದ್ರೆ ಮರಿ ಬಿಟ್ಟು ಓಡ್ತದೆ. ಆಮೇಲೆ ಬಂದ್ರೂ ಬಂತು, ಇಲ್ದಿದ್ರೆ ಇಲ್ಲ" ಎಂದು ಗಾದ್ರಪ್ಪ ಕಿವಿಯಲ್ಲಿ ಉಸುರಿದ. "ನೆಕ್ಕಿ ಎಬ್ಬಿಸಿ ತಾನೇ ಕರಕಂಡೋಗ್ತದೆ. ಅಲ್ಲೀಗಂಟ ಅಲುಗಬ್ಯಾಡ."

"ಅಲ್ಲಿ ನನ್ ಮಗಳು..."

"ಗೊತ್ತು ಭಾವ. ಇದೂ ಬಾಣಂತಿ."

ಪಾಲಯ್ಯ ಕೂತ. ಹಲ್ಲು ಕಚ್ಚಿ ಕೂತ. ಅದು ಮರಿಯನ್ನು ನೆಕ್ಕುತ್ತದೆ, ತಲೆಯೆತ್ತಿ ಗಾಳಿ ಮೂಸುತ್ತದೆ, ಮತ್ತೆ ನೆಕ್ಕುತ್ತದೆ. ಮರಿ ಏಳುತ್ತದೆ, ಮುಗ್ಗರಿಸಿ ಬೀಳುತ್ತದೆ. ಕೆಳಗೆ ಮನೆಯಲ್ಲಿ ಏನಾಗಿದೆಯೋ, ಉಸಿರಿದೆಯೋ ಇಲ್ಲವೋ, ಅಳುವ ಸದ್ದೇನಾದರೂ ಕೇಳುತ್ತದೋ ಎಂದು ಅವನ ಕಿವಿಯೆಲ್ಲ ಹಟ್ಟಿಯ ಕಡೆಗೆ. ಬಂಡೆಯ ನೆರಳು ಸರಿದು ಅವನ ಬೆನ್ನಿಗೆ ಬಿಸಿಲು ಬಂತು. ಒಂದು ಕಲ್ಲು ಎಸೆದರೆ ಮುಗಿಯುತ್ತದೆ ಎಂದು ಕೈ ತುರಿಸಿತು. ಆದರೆ ಆ ಮಿಗಕ್ಕಾಗಿ ಮೂರು ತಲೆಮಾರಿನ ಸುಳ್ಳು ಹೊತ್ತು ತಿರುಗಿದವನು ಪಕ್ಕದಲ್ಲೇ ಇದ್ದ, ಮತ್ತು ಆ ಸುಳ್ಳಿನಿಂದಲೇ ಈ ಗಿಡ ಉಳಿದಿತ್ತು. ಪಾಲಯ್ಯ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಕಡೆಗೆ ಮರಿ ನಾಲ್ಕು ಕಾಲೂರಿ ನಿಂತಿತು, ತಾಯಿಯ ಹಿಂದೆ ತೊಡರಿಕೊಂಡು ಪೊದೆಯಾಚೆ ಹೋಯಿತು.

ಆಮೇಲೆ ಅಗೆದ. ಒಂದು ಗಿಡಕ್ಕೆ ಒಂದೇ ಅಡ್ಡಬೇರು, ಆ ಗಿಡದ್ದೊಂದು, ಈ ಗಿಡದ್ದೊಂದು. ಗಿಡ ಬೇಕಾದಷ್ಟಿದ್ದುದರಿಂದ ಒಂದರ ತಾಯಿಬೇರನ್ನೂ ಮುಟ್ಟುವ ಗರಜು ಬೀಳಲಿಲ್ಲ. ಅವನು ತೆಗೆದಂತೆಲ್ಲ ಗಾದ್ರಪ್ಪ ಹಿಂದಿನಿಂದ ಮಣ್ಣು ಮುಚ್ಚಿ ಮೆಟ್ಟುತ್ತ ಬಂದ.

ಮನೆಗೆ ಬಂದಾಗ ಮಾರಕ್ಕನಿಗೆ ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಗಾದ್ರಪ್ಪನ ಹೆಂಡತಿ ತಿಪ್ಪಕ್ಕ ಬಂದು ಕೂಸಿಗೆ ಹತ್ತಿಬತ್ತಿಯಲ್ಲಿ ಮೇಕೆ ಹಾಲು ಹನಿಸುತ್ತಿದ್ದಳು. ಯಾವಾಗಲೂ ಕದ ಹಾಕಿಕೊಂಡು ಅರೆಯುತ್ತಿದ್ದ ಪಾಲಯ್ಯ ಅಂದು ಒಳಕಲ್ಲನ್ನು ನಡುಮನೆಗೆ ತಂದ. ಬೋರಮ್ಮನನ್ನೂ ತಿಪ್ಪಕ್ಕನನ್ನೂ ಎದುರಿಗೆ ಕೂರಿಸಿಕೊಂಡು, ಎಷ್ಟು ಬೇರು, ಏನು ಬೆರೆಸಬೇಕು, ಎಷ್ಟು ಸೋಸಬೇಕು ಎಂದು ಬಾಯಿಬಿಟ್ಟು ಹೇಳುತ್ತ ಅರೆದ.

ಮೊದಲ ದಿನ ಜ್ವರ ಇಳಿಯಲಿಲ್ಲ. ಎರಡನೆಯ ದಿನವೂ ಇಳಿಯಲಿಲ್ಲ. ಎರಡನೆಯ ದಿನದ ಸಂಜೆ ಪಾಲಯ್ಯ ಗೋಕಟ್ಟೆಗೆ ಬಂದು, ಅಡ್ಡಬೀಳುವುದನ್ನೂ ಮರೆತು ನಿಂತ. "ಸತ್ವ ಹೋಯ್ತು ತಾಯೇ. ನಿಮ್ ಮಾತು ಕೇಳಿ ಕಳಕಂಡೆ" ಎಂದ. ಇಂಥ ಮಾತನ್ನು ತಾಯಿಯವರ ಎದುರು ಯಾರೂ ಆಡಿರಲಿಲ್ಲ. ಅವರು ಕಲ್ಲು ಇಡುತ್ತಲೇ, "ಮೂರ್ ದಿನ ಅಂದೋನು ನೀನೇ. ಹೋಗಿ ಕೊಡು" ಎಂದರು. ಆದರೆ ಅವನು ತಿರುಗಿದಾಗ ಕಂಡದ್ದು, ಗುಡಿಸಲಿನ ಮಡಕೆ ಬೋರಲು ಬಿದ್ದಿತ್ತು. ಬೇಟೆಯ ದಿನದಿಂದ ಅಕ್ಕಯ್ಯನವರು ಬಾಯಿಗೆ ಅಂಬಲಿ ಮುಟ್ಟಿಸಿರಲಿಲ್ಲ. ಪಾಲಯ್ಯ ಮನೆಗೆ ಹೋಗಿ ಮದ್ದು ಕೊಟ್ಟ.

ಮೂರನೆಯ ದಿನದ ಮಧ್ಯಾಹ್ನ ಮಾರಕ್ಕನ ಹಣೆ ಬೆವರಿತು. ಕಣ್ಣು ಬಿಟ್ಟು, "ಅವ್ವಾ, ಕೂಸು ಹಾಲು ಕುಡೀತೇನೆ?" ಎಂದಳು. ಪಾಲಯ್ಯ ಗೋಡೆಗೆ ಮುಖ ಮಾಡಿ ನಿಂತು ಬಿಕ್ಕಿಬಿಕ್ಕಿ ಅತ್ತ.

ಮುಂಗಾರು ಬಂತು. ಪಾಲಯ್ಯ ಕೊರಕಲಿನಿಂದ ಬೀಜ ತಂದು, ತಾನು ಬರಿದು ಮಾಡಿದ ಜಾಗಗಳಲ್ಲೆಲ್ಲ ಉದುರಿಸಿದ. ಹಟ್ಟಿಯ ಹೆಂಗಸರಿಗೂ ಕುರಿಯವರಿಗೂ ಎಲೆ ತೋರಿಸಿ ಗುರುತು ಹಿಡಿಸಿದ. ಆದರೂ ಮನುಷ್ಯ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಬೇರೊಬ್ಬರ ಕೈಯಲ್ಲಿ ಆ ಮದ್ದು ನಡೆದೀತೆಂಬ ನೆಚ್ಚಿಕೆ ಅವನಿಗಿನ್ನೂ ಒಳಗೊಳಗೆ ಬಂದಿರಲಿಲ್ಲ.

ಆ ವರ್ಷದ ಕಾರ್ತಿಕದಲ್ಲಿ ಪಾಲಯ್ಯ ಹಬ್ಬಕ್ಕೆ ಬಂದಿದ್ದ ಮಗಳನ್ನು ಗಂಡನ ಮನೆಗೆ ಬಿಟ್ಟು ಹಿಂದಿರುಗುತ್ತಿದ್ದಾಗ, ಕೆಳಗಣ ಹಟ್ಟಿಯಲ್ಲೊಬ್ಬ ಬಾಣಂತಿಗೆ ಸನ್ನಿಯೆಂದು ದಾರಿಯಲ್ಲಿ ಸುದ್ದಿ ಸಿಕ್ಕಿತು. ಜ್ವರ ಹಿಡಿದು ಆಗಲೇ ನಾಲ್ಕು ದಿನವಂತೆ. ತಾನು ಊರಲ್ಲಿರಲಿಲ್ಲ, ಇನ್ನೊಂದು ಜೀವ ಹೋಯಿತು ಎಂದುಕೊಂಡು ಓಡಿದ. ಆ ಮನೆಯ ಮುಂದೆ ಬಂದು ನಿಂತಾಗ ಅಳುವ ಸದ್ದಿರಲಿಲ್ಲ. ಒಳಗೆ ಹೋದ. ಬಾಣಂತಿ ಗೋಡೆಗೊರಗಿ ಕೂತು ಗಂಜಿ ಕುಡಿಯುತ್ತಿದ್ದಳು. ಒಳಕಲ್ಲಿನ ಬಳಿ ತಿಪ್ಪಕ್ಕ ಬಾಗಿಲಿಗೆ ಬೆನ್ನು ಮಾಡಿ ಅರೆಯುತ್ತ ಕೂತಿದ್ದಳು, ಕೈಯೆಲ್ಲ ತಣಿಬೇರಿನ ರಸ. ಆ ಮನೆಯ ಮುದುಕಿಗೆ ಪಾಲಯ್ಯನ ಗುರುತೇ ಇರಲಿಲ್ಲ. "ಈ ತಾಯಿ ನಮ್ ಸೊಸೇನ ಉಳಿಸಿದ್ಲು ಕಣಪ್ಪ. ನೀನ್ಯಾರು? ಕೂತ್ಕ, ನೀರು ಕುಡಿ" ಎಂದಳು.

"ದಾರಿಹೋಕ ಕಣವ್ವ" ಎಂದ ಪಾಲಯ್ಯ. ನೀರು ಕುಡಿದು ಹೊರಗೆ ಬಂದ. ಅಂಗಳದಲ್ಲಿ ನಿಂತು ಗಿಡುಗನಗುಡ್ಡದ ಕಡೆಗೆ ತಿರುಗಿ, ಮಣ್ಣಿನ ಮೇಲೆ ಮೈಚಾಚಿ ಅಕ್ಕಯ್ಯನವರಿಗೆ ದೀರ್ಘದಂಡ ನಮಸ್ಕಾರ ಹಾಕಿದ.